ಜೋಳದ ಬೇರಿನ ಕಾವಲು

ಬಾಗಲಕೋಟೆ
೧೭ ಸೆಪ್ಟೆಂಬರ್ ೧೯೭೮

ಅವ್ವನಿಗೆ ಬೋರವ್ವನ ನಮಸ್ಕಾರ. ಸಿಟ್ಟು ನೆತ್ತಿಗೇರಿದೆ, ಆದರೂ ನಿನ್ನ ಕಾಲಿಗೆ ಬೀಳುವುದು ಮೊದಲು.

ನಿನಗೆ ಓದಲು ಬರುವುದಿಲ್ಲವೆಂದು ಇಷ್ಟು ದಿನ ಪತ್ರಗಳನ್ನೆಲ್ಲ ನಿನ್ನ ತಮ್ಮ ಬೀರಲಿಂಗಪ್ಪ ಮಾವನೇ ಓದಿ ಹೇಳುತ್ತಿದ್ದ. ಇದನ್ನು ಮಾತ್ರ ಪಕ್ಕದ ಮನೆಯ ಜೈನಬಿಯ ಹೆಸರಿಗೆ ಹಾಕಿದ್ದೇನೆ, ಅವಳೇ ನಿನಗೆ ಓದಿ ಹೇಳುತ್ತಾಳೆ. ಹೋದ ಪತ್ರದಲ್ಲಿ ನಾನು ಬರೆದದ್ದು, ಮಾವನನ್ನು ಮದುವೆಯಾಗುವುದಿಲ್ಲ, ಕಾಲೇಜು ಬಿಡುವುದಿಲ್ಲ ಎಂದು. ಅವನು ಓದಿದ್ದು, "ಅಕ್ಕಾ, ಹುಡುಗಿ ಒಪ್ಪ್ಯಾಳ. ದೀಪಾವಳಿ ಮುಗದ ಮ್ಯಾಲ ಲಗ್ನಾ ಇಟ್ಟು ಅಕ್ಕಿಕಾಳ ಹಾಕ್ರಿ ಅಂತ ಬರದಾಳ" ಎಂದು! ಮೊನ್ನೆ ಜೈನಬಿ ಇಲ್ಲಿಗೆ ಬಂದವಳು, "ನಿಮ್ಮವ್ವ ಇಳಕಲ್ಲಿಗೆ ಸೀರಿ ತರಾಕ ಹೊಂಟಾಳ, ಯಾವ ಬಣ್ಣದ್ದು ಬೇಕವಾ ನಿನಗ?" ಎಂದು ಕೇಳಿ, ಮಾವ ಓದಿದ್ದನ್ನು ಹೇಳಿದಾಗಲೇ ನನಗೆ ತಿಳಿದದ್ದು.

ಅದೇ ವಾರ ಕಾಲೇಜಿನಲ್ಲಿ ಜೋಳದ ಬೇರನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬೇರು ಮಣ್ಣಿನಲ್ಲಿದ್ದುದನ್ನೆಲ್ಲ ಸುಮ್ಮನೆ ಹೀರುತ್ತದೆ ಅಂದುಕೊಂಡಿದ್ದೆವಲ್ಲ, ಹಾಗಿಲ್ಲ ಅವ್ವ. ನೀರು, ಉಪ್ಪು ಹೊರಗಿನ ಪದರುಗಳ ಸಂದಿಯಲ್ಲಿ ನುಸುಳಿ ಬರುತ್ತವೆ, ಖರೆ. ಆದರೆ ಒಳಗೆ, ನೀರು ಮೇಲೇರುವ ಕೊಳವೆಗಳ ಸುತ್ತ, ಒಂದು ಸಾಲು ಜೀವಕೋಶಗಳು ಬಳೆಯ ಹಾಗೆ ನಿಂತಿವೆ. ಅವುಗಳ ನಡುವಿನ ಸಂದಿಗೆಲ್ಲ ನೀರು ದಾಟದ ಮೇಣದಂಥ ಪಟ್ಟಿ. ಮುಂದೆ ಹೋಗಬೇಕೆಂದರೆ ಆ ಕೋಶಗಳ ಒಳಗಿನಿಂದಲೇ ಹಾಯಬೇಕು. ಅವು ಬೇಕಾದ್ದನ್ನು ಬಿಟ್ಟುಕೊಂಡು, ಬೇಡದ್ದನ್ನು ಆದಷ್ಟು ತಡೆಯುತ್ತವೆ. ಬೇರು ಬಲಿತಂತೆ ಆ ಗೋಡೆ ದಪ್ಪಗಾಗುತ್ತದೆ. ಆದರೂ ಅಲ್ಲೊಂದು ಇಲ್ಲೊಂದು ಕೋಶ ತೆಳ್ಳಗೇ ಉಳಿದಿರುತ್ತದೆ, ಬಾಗಿಲು ಇಟ್ಟಂತೆ.

ನೋಡುತ್ತಾ ನನಗೆ ನಗು ಬಂತು, ಆಮೇಲೆ ಸಿಟ್ಟು. ಹೊಲದಲ್ಲಿ ನಿಂತ ಜೋಳಕ್ಕೆ ಬೇಡ ಅನ್ನಲು ಬರುತ್ತದೆ, ನನಗೆ ಬರಬಾರದೇ? ನಮ್ಮ ಮನೆಯಲ್ಲಿ ಆ ಕಾವಲಿಗೆ ಮಾವ ನಿಂತುಬಿಟ್ಟಿದ್ದಾನೆ. ಬೇರು ಗಿಡ ಬದುಕಲಿ ಎಂದು ತಡೆಯುತ್ತದೆ, ಇವನು ತನ್ನ ಮದುವೆಗಾಗಿ ನನ್ನ ಮಾತನ್ನೇ ತಡೆದ.

ಮಾವ ಕೆಟ್ಟವನಲ್ಲ. ನನಗೆ ಜ್ವರ ಬಂದಾಗ ಚೊಳಚಗುಡ್ಡದಿಂದ ಬಾದಾಮಿ ದವಾಖಾನೆಯವರೆಗೆ ಹೆಗಲ ಮೇಲೆ ಹೊತ್ತು ನಡೆದವನು. ಹಾಗೆ ಎತ್ತಿ ಆಡಿಸಿದವನ ಪಕ್ಕದಲ್ಲಿ ನಾನು ಬಾಸಿಂಗ ಕಟ್ಟಿಕೊಂಡು ಕೂಡುವುದಿಲ್ಲ. ನೀನು ಅತ್ತರೂ ಇಲ್ಲ, ಊಟ ಬಿಟ್ಟರೂ ಇಲ್ಲ, ಇಲ್ಲಿಗೆ ಬಂದು ಕೈ ಹಿಡಿದು ಎಳೆದರೂ ಇಲ್ಲ. ಸೀರೆ ತಂದರೆ ನೀನೇ ಉಟ್ಟುಕೋ, ನಿನಗೆ ಚಂದ ಕಾಣುತ್ತದೆ. ಸುಮ್ಮನೆ ನನ್ನನ್ನು ನೋಡಲು ಬರುವುದಾದರೆ ಇವತ್ತೇ ಬಾ. ಹಾಸ್ಟೆಲಿನ ಬಾಗಿಲಲ್ಲೇ ನಿಂತಿರುತ್ತೇನೆ. ಬರುವಾಗ ಸಜ್ಜೆ ರೊಟ್ಟಿ ತಾ.

ನಿನ್ನ ಮೊಂಡ ಮಗಳು,
ಬೋರವ್ವ

ತಾ.ಕ.: ಈ ಲಕೋಟೆಯೊಳಗೆ ಮಾವನ ಹೆಸರಿನ ಚೀಟಿಯೊಂದನ್ನು ಮಡಚಿ ಅಂಟಿಸಿ ಇಟ್ಟಿದ್ದೇನೆ. ಅವನು ಹೊಲದಿಂದ ಬಂದ ಮೇಲೆ, ಬಾಗಲಕೋಟೆಯಿಂದ ಯಾರೋ ತಂದುಕೊಟ್ಟರು ಎಂದು ಅವನ ಕೈಗಿಡು. ಏನೂ ತಿಳಿಯದವಳಂತೆ ಎದುರಿಗೆ ಕೂತು, "ಓದಪಾ ತಮ್ಮಾ, ಏನ್ ಬರದಾಳ ನನ್ನ ಮಗಳು?" ಅನ್ನು. ಅದರಲ್ಲಿರುವುದು ಒಂದೇ ಸಾಲು: "ಅವ್ವಾ, ನಾನು ಮಾವನನ್ನು ಮದುವೆಯಾಗುವುದಿಲ್ಲ." ಆ ಒಂದು ಸಾಲನ್ನು ಅವನು ಎಷ್ಟು ಹೊತ್ತು ಓದುತ್ತಾನೋ ನೋಡು.