ಜಡೆಯ ನೆರಳು

ಮೇ 12, ಸೋಮವಾರ. ಊಟದ ಹೊತ್ತು

ಬೆಳಗ್ಗೆಯಿಂದ ಇಪ್ಪತ್ತೆರಡು ಎದೆ. ಎಲ್ಲರೂ ವೀಸಾಕ್ಕೆ ಬೇಕಾದ ಕ್ಷಯ ತಪಾಸಣೆಗೆ ಬಂದವರು. ಸರ ತೆಗೀರಿ, ಜಡೆ ಎತ್ತಿ ಕಟ್ಟಿ, ಗದ್ದ ಇಲ್ಲಿಡಿ, ಭುಜ ಮುಂದಕ್ಕೆ. ಐದು ವರ್ಷದಿಂದ ಇದೇ ಪಾಠ. ನಿದ್ದೆಯಲ್ಲೂ ಒಪ್ಪಿಸುತ್ತೇನಂತೆ — ಅಮ್ಮನ ದೂರು.

ಕಿಟಕಿ ಇಲ್ಲದ ಎಕ್ಸ್‌ರೇ ಕೋಣೆ. ಸೀಸದ ಬಾಗಿಲು. ಹೊರಗೆ ಬಿಸಿಲೋ ಮಳೆಯೋ, ಬಂದವರ ಚಪ್ಪಲಿ ನೋಡಿ ತಿಳಿಯಬೇಕು. ಬಂದವರೆಲ್ಲ ಒಂದೆರಡು ತಿಂಗಳಲ್ಲಿ ವಿಮಾನ ಹತ್ತುತ್ತಾರೆ. ನಾನು ಮುಂದಿನವರಿಗೆ ಗೌನ್ ಕೊಡುತ್ತೇನೆ.

ಈ ಸಲ ನಾನೂ ಹೋಗುವವಳು. ಹೊರದೇಶದ ಒಂದು ಕಾಲೇಜಿನಲ್ಲಿ ಎಂಆರ್‌ಐ ಕಲಿಯುವ ಸೀಟು ಹೋದ ವರ್ಷವೇ ಸಿಕ್ಕಿತ್ತು. ಅಮ್ಮನ ಮಂಡಿ ಆಪರೇಷನ್ ಅಂತ ಮುಂದೂಡಿದೆ. ಇನ್ನೊಮ್ಮೆ ಮುಂದೂಡುವ ಮಾತೇ ಇಲ್ಲ ಅಂತ ಆ ಕಾಲೇಜಿನವರು ಖಡಾಖಂಡಿತವಾಗಿ ಬರೆದಿದ್ದಾರೆ. ಸೆಪ್ಟೆಂಬರ್ 15ರೊಳಗೆ ಅಲ್ಲಿ ಹಾಜರಿರಬೇಕು. ನೂರ ಇಪ್ಪತ್ತಾರು ದಿನ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಮೇ 15, ಗುರುವಾರ. ಸಂಜೆ

ವೀಸಾ ಏಜೆಂಟ್ ಆಫೀಸು. ಫೋಲ್ಡರ್ ಮಹಾಶಯ ಅಂತ ನಾನಿಟ್ಟ ಹೆಸರು. ಏನು ಕೇಳಿದರೂ ಒಂದು ಫೋಲ್ಡರ್ ಎಳೆಯುತ್ತಾರೆ. ಇವತ್ತು ಸಂದರ್ಶನದ ತಾಲೀಮು.

"ಓದು ಮುಗಿದ ಮೇಲೆ ವಾಪಸ್ ಬರ್ತೀರಾ?"

"ಬರ್ತೀನಿ."

"ಅಷ್ಟು ಬೇಗ ಹೇಳ್ಬೇಡಿ ಮೇಡಂ. ಬಾಯಿಪಾಠ ಅನ್ಸುತ್ತೆ. ಸ್ವಲ್ಪ ಯೋಚನೆ ಮಾಡಿದ ಹಾಗೆ ಮಾಡಿ."

ಯೋಚನೆ ಮಾಡಿದ ಹಾಗೆ ಮಾಡಿದೆ.

"ಇಷ್ಟು ಹೊತ್ತೂ ಬೇಡ. ಅನುಮಾನ ಬರುತ್ತೆ."

ಆರು ಸಲ ವಾಪಸ್ ಬರಿಸಿದರು, ಇನ್ನೂ ಹೋಗಿಯೇ ಇಲ್ಲ. ಯಾಕೆ ಹೋಗ್ತೀರಿ ಅಂತ ಮಾತ್ರ ಮನಸ್ಸಿಟ್ಟು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ — ಇಲ್ಲಿ ಬರೀ ಎದೆ ಸ್ವಾಮಿ. ಎಂಆರ್‌ಐ ಯಂತ್ರವನ್ನು ನಾನು ನೋಡಿದ್ದು ಗಾಜಿನಾಚೆಯಿಂದ. ಇಪ್ಪತ್ತೊಂಬತ್ತಕ್ಕೇ ಕಲಿಯುವುದೆಲ್ಲ ಮುಗಿಯಿತು ಅನ್ನುವುದನ್ನು ಒಪ್ಪಲಾರೆ. ಹೋಗದಿದ್ದರೆ ಹುಚ್ಚು ಹಿಡಿಯುತ್ತದೆ.

ಮೇ 19, ಸೋಮವಾರ. ಮಧ್ಯಾಹ್ನ 3

ನನ್ನ ಎದೆಯ ಸರದಿ ಮುಗಿಯಿತು. ತೆಗೆದವರು ಉಸಿರಣ್ಣ. ನಮ್ಮ ಹಿರಿಯ ಟೆಕ್ನಿಷಿಯನ್. ಮೂವತ್ತು ವರ್ಷ ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ ಅಂತ ಹೇಳಿ ಹೇಳಿ ಬಂದ ಹೆಸರು. ನನಗೆ ಕೆಲಸ ಕಲಿಸಿದ್ದೂ ಅವರೇ.

"ನಿನಗೇನು ಹೇಳೋದಮ್ಮಾ, ನೀನೇ ಹೇಳ್ಕೋ" ಅಂದರು. ಆದರೂ ಒಂದೊಂದನ್ನೂ ಹೇಳಿದರು. ದಿನಾ ನಾನು ಕೊಡುವ ನೀಲಿ ಗೌನ್ — ಅದರ ದಾರ ಕೈಗೆ ಎಟುಕುವುದೇ ಇಲ್ಲ ಅಂತ ಇವತ್ತು ಗೊತ್ತಾಯಿತು. ಡಬ್ಬಿಯಿಂದ ಕ್ಲಿಪ್ ತೆಗೆದು ಕೊಟ್ಟರು. ಯಾರ್ಯಾರ ತಲೆಯಲ್ಲಿದ್ದದ್ದೋ. ಮೂಗು ಮುರಿದುಕೊಂಡೇ ಹಾಕಿಕೊಂಡೆ. ನಕ್ಕರು. ಪ್ಲೇಟು ತಣ್ಣಗಿತ್ತು. ಎರಡು ನಿಮಿಷದ ಕೆಲಸ.

ಅವರೂ ಖುಷಿಯಲ್ಲಿದ್ದಾರೆ. ನಮ್ಮ ಕೇಂದ್ರದ ಹೊಸ ಶಾಖೆ ಸೆಪ್ಟೆಂಬರಿನಲ್ಲಿ ಶುರು. ಅಲ್ಲಿ ಹೊಸಬರಿಗೆ ಕಲಿಸುವ ಜಾಗಕ್ಕೆ ಇವರ ಹೆಸರು ಹೋಗಿದೆ. ನಿವೃತ್ತಿಗೆ ಇನ್ನೆರಡೇ ವರ್ಷ; ಅಷ್ಟನ್ನೂ ಪಾಠ ಹೇಳಿ ಕಳೆಯಬೇಕು ಅಂತ ಆಸೆ.

"ನೀನೂ ಹೊರಟೆ, ನಾನೂ ಹೊರಟೆ" ಅಂದರು.

ಮೇ 20, ಮಂಗಳವಾರ. ಬೆಳಗ್ಗೆ 8:40

ವರದಿ ಬರೆಯುವ ಡಾಕ್ಟರಮ್ಮ ಬರುವುದು ಹತ್ತಕ್ಕೆ. ಅದಕ್ಕೆ ಮುಂಚೆ ಕಂಪ್ಯೂಟರಿನಲ್ಲಿ ನನ್ನ ಚಿತ್ರ ತೆರೆದೆ. ಬಲಗಡೆ, ಮೇಲೆ, ಕಾಲರ್ ಮೂಳೆಯ ಹಿಂದೆ — ಒಂದು ಮಬ್ಬು. ಹೆಬ್ಬೆರಳಿನಷ್ಟು.

ಜಡೆ. ಜಡೆಯೇ ಇರಬೇಕು. ಹೆಗಲ ಮೇಲೆ ಜಡೆ ಬಿದ್ದರೆ ಥೇಟ್ ಹೀಗೇ ಕಾಣುತ್ತದೆ, ಕ್ಷಯದ ಕಲೆಯ ಹಾಗೆ. ಇಂಥ ಹತ್ತಾರು ನೋಡಿದ್ದೇನೆ. ಉಸಿರಣ್ಣ ಜಡೆ ಕಟ್ಟಿಸಲಿಲ್ಲ. ನನಗೆ ಹೇಳುವುದೇನು ಅಂತ ಬಿಟ್ಟಿದ್ದಾರೆ.

ಡಾಕ್ಟರಮ್ಮ ಇದನ್ನು ನೋಡಿ ಬರೆದರೆ ಕಫ ಪರೀಕ್ಷೆ, ರೋಗಾಣು ಬೆಳೆಯುತ್ತದೋ ಅಂತ ನೋಡುವ ಕಲ್ಚರ್, ಎಂಟು ವಾರ. ಬರೆಯುವ ಮೊದಲಾದರೆ ಇನ್ನೊಂದು ಸಲ ತೆಗೆಯಬಹುದು. ತೆಗೆದರೆ ರಿಪೀಟ್ ಪುಸ್ತಕದಲ್ಲಿ ನಮೂದಾಗಬೇಕು — ಕಾರಣ, ಯಾರ ತಪ್ಪು, ಸಹಿ. ಒಬ್ಬರ ಹೆಸರಿನಲ್ಲಿ ವರ್ಷಕ್ಕೆ ಮೂರು ಸಾಲಾದರೆ ವೀಸಾ ಕೋಣೆಯಿಂದ ಹೊರಗೆ. ಉಸಿರಣ್ಣನ ಹೆಸರಿನಲ್ಲಿ ಎರಡಿವೆ. ಒಂದು, ಅಲುಗಾಡಿದ ಮಗು. ಇನ್ನೊಂದು, ಬಟ್ಟೆಯೊಳಗೆ ಸರ ಬಚ್ಚಿಟ್ಟುಕೊಂಡಿದ್ದ ಹೆಂಗಸು.

ಗೋಡೆಯ ಮೇಲೆ ಇನ್ನೊಂದು ನಿಯಮವೂ ಇದೆ. ಸಿಬ್ಬಂದಿ ತಮ್ಮ ಪರೀಕ್ಷೆಯಲ್ಲಿ ತಾವೇ ಕೈ ಹಾಕಿದರೆ ಕಡತ ರದ್ದು, ಬೇರೆ ಕೇಂದ್ರದಲ್ಲಿ ಮೊದಲಿನಿಂದ. ನಾನೇನು ಕೈ ಹಾಕುತ್ತಿಲ್ಲ. ಇದ್ದದ್ದು ಹೇಳುತ್ತೇನೆ ಅಷ್ಟೇ.

ಅದೇ ದಿನ, 9:35

ಉಸಿರಣ್ಣ ರಿಪೀಟ್ ಪುಸ್ತಕದಲ್ಲಿ ಬರೆದರು.

"ಕಟ್ಟಿಸಿದ್ದೆ ಅನ್ಸುತ್ತಲ್ಲಮ್ಮಾ" ಅಂದರು ಮೊದಲು.

"ಇಲ್ಲ ಅಣ್ಣಾ, ನೀವು ಕಟ್ಟಿಸ್ಲಿಲ್ಲ. ನನಗೆ ಚೆನ್ನಾಗಿ ನೆನಪಿದೆ. ಎಂಟು ವಾರ ಹೋದ್ರೆ ನನ್ನ ಗತಿ ಏನು?"

ಅತ್ತೆ. ಅತ್ತದ್ದು ನಾಟಕವಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಪುಸ್ತಕ ಎಳೆದುಕೊಂಡರು. 'ಜಡೆ ಕಟ್ಟಿಸಿಲ್ಲ. ಟೆಕ್ನಿಷಿಯನ್ ತಪ್ಪು.' ಸಹಿ. ದುಂಡು ಅಕ್ಷರ. ಜೀವ ಬಂದಂತಾಯಿತು.

ಅದೇ ದಿನ, 1:15

ಜಡೆ ನೆತ್ತಿಗೆ ಕಟ್ಟಿ, ಮೂರು ಕ್ಲಿಪ್ ಹಾಕಿ, ಮೇಲೊಂದು ಟೋಪಿ.

ಮಬ್ಬು ಅಲ್ಲೇ ಇದೆ. ಅದೇ ಜಾಗ. ಅಷ್ಟೇ ಗಾತ್ರ.

ಮೇ 24, ಶನಿವಾರ

ನಾಲ್ಕು ದಿನ ಬರೆಯಲಾಗಲಿಲ್ಲ.

ಅಮ್ಮನಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು. ಆಮೇಲೆ, ಮುಖ ನೋಡದೆ —

"ನಿನಗೆ ನಾಲ್ಕು ವರ್ಷ ಇದ್ದಾಗ ಆರು ತಿಂಗಳು ಮಾತ್ರೆ ಕೊಟ್ಟಿದ್ವಿ. ಪೂರ್ತಿ ವಾಸಿಯಾಗಿತ್ತು."

"ಯಾವ ಮಾತ್ರೆ?"

"ಅದೇ. ನೆಗಡಿ ಅಂತ ಎಲ್ರಿಗೂ ಹೇಳಿದ್ವಿ. ಹೆಣ್ಣು ಮಗು, ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ಅಂತ."

ಇಪ್ಪತ್ತೈದು ವರ್ಷದ ನೆಗಡಿ. ಕಿರುಚಿದೆ. ಆಮೇಲೆ ಅವಳ ಪಕ್ಕದಲ್ಲೇ ಕೂತು ಉಳಿದ ಬಟ್ಟೆ ಮಡಚಿದೆ.

ಡಾಕ್ಟರಮ್ಮನಿಗೆ ಇದನ್ನು ಹೇಳಿಬಿಟ್ಟೆ. "ಹಳೇ ಕಲೆ ಇರ್ಬೇಕು. ಆದ್ರೂ ಕಲ್ಚರ್ ಆಗ್ಲೇಬೇಕು" ಅಂದು ಬರೆದುಕೊಂಡರು. ರಿಪೀಟ್ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಉಸಿರಣ್ಣನನ್ನು ಟೋಕನ್ ಕೌಂಟರಿಗೆ ಹಾಕಿದ್ದಾರೆ. ಮೂರು ಸಾಲು ಅಂದರೆ ಮೂರು ಸಾಲೇ.

ಜೂನ್ 4, ಬುಧವಾರ. ಬೆಳಗ್ಗೆ 6:30

ಮೊದಲ ಕಫ. ಖಾಲಿ ಹೊಟ್ಟೆ, ಕೇಂದ್ರದ ತಾರಸಿ. ಗೋಡೆಯ ಕಡೆ ಮುಖ ಮಾಡಿ ಕೆಮ್ಮಬೇಕು. ಬರುವುದೇ ಇಲ್ಲ. ಕೆಮ್ಮಿ ಕೆಮ್ಮಿ ಹೊಟ್ಟೆ ಹಿಡಿದುಕೊಂಡಿತು. ಪಕ್ಕದಲ್ಲಿ ಇನ್ನೊಬ್ಬಳು, ಓದಲು ಹೋಗುವವಳೇ, ಅವಳದ್ದೂ ಇದೇ ಪಾಡು. ಇಬ್ಬರಿಗೂ ನಗು ಬಂತು. ನಕ್ಕಾಗಲೇ ಕಫ ಬಂತು.

ಜೂನ್ 6, ಶುಕ್ರವಾರ

ಮೂರನೆಯದೂ ಕೊಟ್ಟಾಯಿತು. ಆಗಸ್ಟ್ ಒಂದಕ್ಕೆ ಫಲಿತಾಂಶ. ಆಮೇಲೆ ವೀಸಾಕ್ಕೆ ಮೂರು ವಾರ. ಫೋಲ್ಡರ್ ಮಹಾಶಯರ ಲೆಕ್ಕ: "ಒಂದು ಸಲ ಸರಿಯಾಗಿ ಬಂದ್ರೆ ಹೋಗ್ಬಹುದು ಮೇಡಂ. ಮತ್ತೆ ಮೊದಲಿಂದ ಅಂದ್ರೆ ಈ ವರ್ಷ ಮರೆತುಬಿಡಿ."

ಈ ವರ್ಷ ಮರೆತರೆ ಸೀಟನ್ನೇ ಮರೆಯಬೇಕು.

ಜುಲೈ 9, ಬುಧವಾರ. ಊಟದ ಹೊತ್ತು

ಸೂಟ್‌ಕೇಸ್ ನಾಲ್ಕು ಸಲ ತುಂಬಿ ನಾಲ್ಕು ಸಲ ಖಾಲಿ ಮಾಡಿದ್ದೇನೆ. ಅಮ್ಮ ಅದರ ಮೇಲೊಂದು ಬಟ್ಟೆ ಹೊದಿಸಿದ್ದಾಳೆ, ಕಣ್ಣಿಗೆ ಬೀಳದಿರಲಿ ಅಂತ. ಯಾರ ಕಣ್ಣಿಗೋ.

ಕೌಂಟರ್ ದಾಟದೆ ಒಳಗೆ ಹೋಗುವ ದಾರಿಯಿಲ್ಲ. ದಿನಾ ಬೆಳಗ್ಗೆ ಉಸಿರಣ್ಣ. ಟೋಕನ್ ಹರಿದು ಕೊಡುತ್ತಾರೆ, ನಂಬರ್ ಕೂಗುತ್ತಾರೆ. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತಮ್ಮಾ" ಅಂದರು ಇವತ್ತು. ನಾನು ಮೊಬೈಲ್ ನೋಡುತ್ತಾ ದಾಟಿಬಿಟ್ಟೆ.

ಒಳಗೆ ಅವರ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಮಕ್ಕಳನ್ನು ಹಿಡಿದು ನಿಲ್ಲಿಸಲು ಬರುವುದಿಲ್ಲ. ಕಲಿಸುವವರು ಹೊರಗೆ ನಂಬರ್ ಕೂಗುತ್ತಿದ್ದಾರೆ.

ಜುಲೈ 20, ಭಾನುವಾರ

ಹೊತ್ತು ಹೋಗದೆ ಈ ಪುಸ್ತಕವನ್ನು ಹಿಂದಿನಿಂದ ಓದುತ್ತಾ ಹೋದೆ. ಮೇ 19.

'ಡಬ್ಬಿಯಿಂದ ಕ್ಲಿಪ್ ತೆಗೆದು ಕೊಟ್ಟರು.'

ನನ್ನದೇ ಅಕ್ಷರ. ಮೂಗು ಮುರಿದದ್ದೂ ಇದೆ, ಅವರು ನಕ್ಕದ್ದೂ ಇದೆ. ಮಾರನೆಯ ಬೆಳಗ್ಗೆಯೇ ಅವರ ಮುಖಕ್ಕೆ ಹೇಳಿದ್ದೇನೆ — ಕಟ್ಟಿಸಲಿಲ್ಲ, ಚೆನ್ನಾಗಿ ನೆನಪಿದೆ. ಹೇಳುವಾಗ ನಂಬಿದ್ದೆ. ನಂಬದಿದ್ದರೆ ಸೀಟು ಹೋಗುತ್ತಿತ್ತು, ಅದಕ್ಕೇ ನಂಬಿದ್ದೆ.

ಪುಟ ಹರಿಯಲು ಕೈ ಹೋಯಿತು. ಹರಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಆಗಸ್ಟ್ 1, ಶುಕ್ರವಾರ. ರಾತ್ರಿ

ಕಲ್ಚರ್ ಶುದ್ಧ. ಹಳೇ ಕಲೆ, ಏನೂ ಇಲ್ಲ.

"ಸೋಮವಾರ ಬಾ, ಸರ್ಟಿಫಿಕೇಟಿಗೆ ಸಹಿ ಹಾಕ್ತೀನಿ" ಅಂದರು ಡಾಕ್ಟರಮ್ಮ. ಫೋನಿಟ್ಟು ಗೌನ್ ರಾಶಿಯ ಮೇಲೆ ಕೂತುಬಿಟ್ಟೆ. ಎಷ್ಟು ತಿಂಗಳಾದ ಮೇಲೆ ಕೂತದ್ದು. ಹೊಸಬಳು ಹೆದರಿ ನೀರು ತಂದಳು.

ಸಂಜೆ ನೋಟಿಸ್ ಬೋರ್ಡು. ಹೊಸ ಶಾಖೆಯ ಕಲಿಸುವವರ ಪಟ್ಟಿ, ಉಸಿರಣ್ಣನ ಹೆಸರಿಲ್ಲ. ಆಕ್ಷೇಪಣೆ ಇದ್ದರೆ ಸೋಮವಾರದೊಳಗೆ ಡಾಕ್ಟರಮ್ಮನಿಗೆ, ಆಮೇಲೆ ಪಟ್ಟಿ ಅಂತಿಮ.

ಆಗಸ್ಟ್ 2, ಶನಿವಾರ. ಸಂಜೆ

ಅಲ್ಲಿಗೆ ಹೋಗಿ ಸೇರಿದ ಮೇಲೆ ಡಾಕ್ಟರಮ್ಮನಿಗೆ ನಿಜ ಹೇಳಿ ಪತ್ರ ಬರೆಯಬಹುದು. ಬೆಳಗ್ಗೆಯೆಲ್ಲ ಇದನ್ನೇ ಜಗಿದೆ. ಸುಳ್ಳು. ಪಟ್ಟಿ ಸೋಮವಾರ ಮುಗಿಯುತ್ತದೆ. ಅಲ್ಲಿಂದ ಬರೆದರೆ ಅದು ನನ್ನ ನೆಮ್ಮದಿಗೆ, ಅವರಿಗಲ್ಲ.

ಕೆಲಸ ಬಿಟ್ಟ ಮೇಲೆ ಕೌಂಟರಿಗೆ ಹೋದೆ. ರಬ್ಬರ್ ಬ್ಯಾಂಡ್ ಹಾಕಿ ಟೋಕನ್ ಜೋಡಿಸುತ್ತಿದ್ದರು.

"ಅಣ್ಣಾ, ಅವತ್ತು ನೀವು ಕ್ಲಿಪ್ ಕೊಟ್ಟಿದ್ರಿ."

"ಹೂಂ."

"ಗೊತ್ತಿತ್ತಾ?"

"ಮೂವತ್ತು ವರ್ಷ ಮಾಡಿದ ಕೆಲಸ. ಗೊತ್ತಿರಲ್ವಾ?"

"ಮತ್ಯಾಕೆ ಬರೆದ್ರಿ?"

"ನೀನು ಅಷ್ಟು ಅತ್ತೆ. ಇನ್ನೊಂದು ಸಲ ತೆಗೆದ್ರೆ ನಿನಗೆ ಸಮಾಧಾನ ಆಗುತ್ತಲ್ಲ ಅಂದ್ಕೊಂಡೆ." ಇನ್ನೊಂದು ಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿ, "ಸುಮ್ನೆ ಇರು. ಈಗ ಬಾಯಿ ಬಿಟ್ರೆ, ನೀನೇ ಹೇಳಿ ತೆಗೆಸಿದ್ದು ಅಂತ ನಿನ್ನ ಕಡತ ರದ್ದಾಗುತ್ತೆ. ಗೋಡೆ ಮೇಲೆ ಬರೆದಿದೆ, ಓದಿದ್ದೀಯಲ್ಲ."

ಕೋಪ ಬಂತು, ಅವರ ಮೇಲೆಯೇ. ಆಗಲ್ಲ ಅಂತ ಒಂದು ಮಾತು ಅವತ್ತು ಬೈದಿದ್ದರೆ ಆಗುತ್ತಿತ್ತು.

ಆಗಸ್ಟ್ 3, ಭಾನುವಾರ. ಬೆಳಗ್ಗೆ

ಅಮ್ಮನಿಗೆ ಎಲ್ಲ ಹೇಳಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. "ನಾನೂ ಒಂದು ಸುಳ್ಳು ಹೇಳಿ ಇಪ್ಪತ್ತೈದು ವರ್ಷ ಕಾಯ್ದೆ. ಸುಖ ಇಲ್ಲ ಅದ್ರಲ್ಲಿ" ಅಂದಳು. ಸೂಟ್‌ಕೇಸಿನ ಮೇಲಿನ ಬಟ್ಟೆ ಸರಿಪಡಿಸಿ ಒಳಗೆ ಹೋದಳು.

ನನಗೆ ಹೋಗಬೇಕು. ಈಗಲೂ, ಇಷ್ಟೆಲ್ಲ ಆದ ಮೇಲೂ, ಹೋಗಬೇಕು. ಅದು ಒಂದು ಚೂರೂ ಕಮ್ಮಿಯಾಗಿಲ್ಲ.

ನಡೆದದ್ದನ್ನೆಲ್ಲ ಡಾಕ್ಟರಮ್ಮನಿಗೆ ಕಾಗದದಲ್ಲಿ ಬರೆದೆ. ಎಂಟೇ ಸಾಲು.

ಆಗಸ್ಟ್ 4, ಸೋಮವಾರ. 10:20. ಕೇಂದ್ರದ ಹಾಲ್

ಇವತ್ತು ರಜೆ ಹಾಕಿ ಹೊರಗಿನವಳ ಹಾಗೆ ಬಂದಿದ್ದೇನೆ. ಕೈಯಲ್ಲಿ ಕಾಗದ, ಜೊತೆಗೆ ಮೇ 19ರ ಪುಟದ ಜೆರಾಕ್ಸ್. ಅಮ್ಮನಿಗೂ ತೋರಿಸದ ಪುಸ್ತಕ. ಒಂದು ಪುಟವನ್ನು ಡಾಕ್ಟರಮ್ಮ ಓದುತ್ತಾರೆ. ಓದಲಿ.

ಕೌಂಟರಿನಲ್ಲಿ ಟೋಕನ್ ಕೇಳಿದೆ.

"ಸರ್ಟಿಫಿಕೇಟಿಗೆ ಟೋಕನ್ ಬೇಡ. ನೇರ ಹೋಗಿ ಸಹಿ ಹಾಕಿಸ್ಕೋ" ಅಂದರು ಉಸಿರಣ್ಣ.

"ಸರ್ಟಿಫಿಕೇಟಿಗಲ್ಲ."

ಕೈಯಲ್ಲಿದ್ದ ಕಾಗದ ನೋಡಿದರು. ಹದಿನೇಳು ಹರಿದು ಕೊಟ್ಟರು. ಬೆರಳು ತಕ್ಷಣ ಬಿಡಲಿಲ್ಲ.

ಕೂತು ಬರೆಯುತ್ತಿದ್ದೇನೆ. ಹದಿನಾಲ್ಕು ಒಳಗೆ ಹೋದರು. ಈ ಕುರ್ಚಿಗಳು ಇಷ್ಟು ಗಟ್ಟಿ ಅಂತ ಐದು ವರ್ಷದಲ್ಲಿ ಗೊತ್ತೇ ಇರಲಿಲ್ಲ.

ಹದಿನೈದು.

ಫೋಲ್ಡರ್ ಮಹಾಶಯರ ಮೆಸೇಜು: ಸಹಿ ಆಯ್ತಾ ಮೇಡಂ? ಆಗಿಲ್ಲ.

ಹದಿನಾರು. ಒಳಗೆ ಮಗು ಅಳುತ್ತಿದೆ. ಹದಿನಾರು ಹೊರಗೆ ಬಂದರು.

"ಹದಿನೆಂಟು."

ಸರಿಯಾಗಿ ಕೇಳಿಸಿತು. ಹದಿನೆಂಟು ಅಂದರು. ಎದುರಿನ ಸಾಲಿನಲ್ಲಿ ಒಬ್ಬರು ಹೆಂಗಸು ಚೀಲ ಎತ್ತಿಕೊಳ್ಳುತ್ತಿದ್ದಾರೆ. ಉಸಿರಣ್ಣ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಾರೆ, ಈ ಕಡೆ ನೋಡುವುದೇ ಇಲ್ಲ. ಇವತ್ತಿಡೀ ನನ್ನ ನಂಬರ್ ಕೂಗುವುದಿಲ್ಲ ಅವರು. ಆ ಹೆಂಗಸು ಬಾಗಿಲ ಹತ್ತಿರ ಹೋದರು. ಎದ್ದೆ. ಒಂದು ನಿಮಿಷ ಅಮ್ಮಾ, ಹದಿನೇಳು ನಾನು, ನನ್ನ ಸರದಿ ಅಂತ ಕೂಗಿದೆ. ಪುಸ್ತಕ ಮುಚ್ಚಿ ಒಳಗೆ ಹೋಗುತ್ತಿದ್ದೇನೆ.