ಫ್ರಿಜ್ಜಿನಲ್ಲಿ ಹುಳದ ಡಬ್ಬಿ

ಬಸವೇಶ,

ಇದೊಂದನ್ನು ಬರೆಯದೇ ಬಿಡುವವಳಿದ್ದೆ. ನಮ್ಮಮ್ಮನ ಫ್ರಿಜ್ಜಿನಲ್ಲಿ ಈಗ ಹುಳಗಳಿವೆ, ನೀನು ಬಿಟ್ಟುಹೋದ ಏಂಜಲ್ ಮೀನುಗಳಿಗಾಗಿ.

ನೀನು ಕೊಂಡಿಟ್ಟಿದ್ದ ಆಹಾರದ ಡಬ್ಬಿಗಳು ಸಂಕ್ರಾಂತಿಗೆ ಮುಗಿದವು. ಹೊಸ ಡಬ್ಬಿಯ ಮೇಲೆ ಮೀನಿನ ಪುಡಿ ಬೆರೆಸಿದೆ ಎಂದು ಓದಿ ಅದನ್ನು ಅಂಗಡಿಯಲ್ಲೇ ಬಿಟ್ಟು ಬಂದೆ. ನಮ್ಮಂಥ ಸಸ್ಯಾಹಾರಿಗಳ ಮನೆಯ ಮೀನಿಗೆ ಬೇಯಿಸಿದ ಬಟಾಣಿ, ಪಾಲಕ್ ಸಾಕು ಅಂದುಕೊಂಡೆ. ನಿನ್ನ ಕಪ್ಪು ಪಟ್ಟೆಯ ಮೀನು ಬಿಳಿಚಿಕೊಂಡು ಮೂಲೆ ಸೇರಿತು. ಮೊನ್ನೆ ಹಿಂದೂಪುರದ ಪೇಟೆಯಲ್ಲಿ ಸಾಕುಮೀನಿನ ಅಂಗಡಿಯ ಹರಿಕೃಷ್ಣ ಇದನ್ನು ಕೇಳಿ ನಕ್ಕುಬಿಟ್ಟ.

"ಮೀನು ಕಣಕ್ಕ, ಮೇಕೆ ಅಲ್ಲ! ಬರೀ ಸೊಪ್ಪು ಹಾಕ್ಬುಟ್ರೆ ಹೆಂಗೆ? ದಿನಾ ಡಬ್ಬಿ ಕಾಳು, ವಾರಕ್ಕೆರಡು ಸಲ ಈ ಹುಳ ಕೊಡಿ."

ಹೆಪ್ಪುಗಟ್ಟಿಸಿದ ಆ ಹುಳವನ್ನು ನೋಡಿ ಅಮ್ಮ "ಶಿವಶಿವಾ, ಮೊಸರಿನ ಪಕ್ಕದಲ್ಲಾ?" ಅಂದರು. ಆದರೆ ಮೂಲೆಯ ಮೀನು ಮೇಲೆದ್ದು ಬಂದು ತಿಂದಾಗ ತೊಟ್ಟಿಯ ಗಾಜಿಗೆ ಮುಖ ಒತ್ತಿ ನಿಂತರು.

"ಪಾಪ, ಹಸ್ದಿದ್ವು ಕಣೇ. ಅವುಗಳ ಊಟ ಅವುಗಳ್ದು. ಮುಚ್ಚಳ ಇರೋ ಡಬ್ಬೀಲಿ ಇಡು, ಇರ್ಲಿ."

ಮಲ್ಲೇಶ್ವರಿ ಮಾಂಸ ತಿನ್ನುವ ಮನೆಯವಳೆಂದು ನಿಮ್ಮಿಬ್ಬರ ಮದುವೆಗೆ ಬಾರದಂತೆ ನನ್ನನ್ನು ತಡೆದದ್ದು ಅಮ್ಮ ಎಂದೇ ಇಷ್ಟು ದಿನ ಹೇಳಿಕೊಂಡಿದ್ದೆ. ನಿಜಕ್ಕೂ ಹೋಗೋಣವೇ ಎಂದು ನಾನು ಅಮ್ಮನನ್ನು ಒಂದು ಸಲವೂ ಕೇಳಿರಲಿಲ್ಲ.

ಮೀನಿನ ಪಟ್ಟೆ ಮತ್ತೆ ಕಪ್ಪಾಗುತ್ತಿದೆ. ಮಲ್ಲೇಶ್ವರಿಗೂ ಹೇಳು.

ಹೋದ ವರ್ಷ ನಿನಗೆ ಬರೆದ ಪತ್ರ ಅಂಚೆಗೆ ಹೋಗದೆ ಇನ್ನೂ ಮೇಜಿನ ಡ್ರಾಯರಿನಲ್ಲೇ ಇದೆ. ಇದನ್ನು ಮಾತ್ರ ನೀವಿರುವ ಕಲ್ಯಾಣದುರ್ಗಕ್ಕೆ ಅಂಚೆಗೆ ಹಾಕಿಯೇ ಹಾಕುತ್ತೇನೆ, ನೀವು ಮದುವೆಯಾದ ದಿನವೇ, ಜೂನ್ ಹನ್ನೆರಡಕ್ಕೆ.