ತಮ್ಮನ ಕೈಗೆ ಹತ್ತಿ

೧೨-೮-೨೦೨೪, ಸೋಮವಾರ. ಶ್ರಾವಣದ ಉಪವಾಸ. ಕೊಟ್ಟಿಗೆ ಗುಡಿಸಿ, ದೇವರಿಗೆ ದೀಪ ಹಚ್ಚಿ, ಮೊದಲ ಬಸ್ಸಿಗೇ ದುರ್ಗದ ಜೈಲಿಗೆ ಹೋಗಿದ್ದೆ.

ತಮ್ಮ ರಾಮಾಂಜನೇಯನಿಗೆ ಚಿಕ್ಕಂದಿನಿಂದ ಗದ್ದಲ ಆಗದು. ಅಲ್ಲಿ ತಲೆ ಎಣಿಸುವ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಕಾವಲಿನವರು ಅದನ್ನು ಪೊಗರು ಅಂದುಕೊಂಡಿದ್ದಾರೆ. ಇನ್ನೊಮ್ಮೆ ಸಾಲಿಗೆ ಬರದಿದ್ದರೆ ಒಂಟಿ ಕೋಣೆಯಂತೆ.

ಇಂಥವರನ್ನು ನೋಡಿಕೊಳ್ಳಲೆಂದೇ ಪ್ರೀತಿ ಎಂಬ ಹುಡುಗಿ ಅಲ್ಲಿ ಕೆಲಸಕ್ಕೆ ಬಂದಿದ್ದಾಳೆ. "ಮಕ ನೋಡಿ ಮಾತಾಡಲೇ" ಎಂದು ನಾನು ಅವನನ್ನು ಮೂವತ್ತು ವರ್ಷ ಗದರಿದ್ದೇ ಬಂತು. ಆಕೆ ಅವನ ಪಕ್ಕದಲ್ಲಿ, ತಾನೂ ಗೋಡೆಗೆ ಮುಖ ಮಾಡಿ, ಸುಮ್ಮನೆ ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಅವನೇ ಬಾಯಿಬಿಟ್ಟ.

"ಅಕ್ಕಂದು ಉಪಾಸ ಐತೆ. ಬೇಗ ಕಳಿಸ್ರಿ."



"ಮನೇಲಿ ಏನು ಮಾಡಿದ್ರೆ ಸಮಾಧಾನ ಆಗ್ತಾರಮ್ಮ?" ಎಂದು ಪ್ರೀತಿ ಕೇಳಿದಳು.

"ಹತ್ತಿ ಕೊಟ್ರೆ ದೀಪದ ಬತ್ತಿ ಹೊಸೀತಾ ಕುಂತಿರ್ತಾನೆ, ಮೇಡಂ. ಆಗ ಗುಡಿ ಗಂಟೆ ಹೊಡುದ್ರೂ ಹೆದರಲ್ಲ."

ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ. ಒಳಗೆ ಹತ್ತಿ ಬಿಡುತ್ತಾರೋ ಇಲ್ಲವೋ, ಸಾಹೇಬರನ್ನು ಕೇಳಿ ನಾಳೆ ಹೇಳುತ್ತಾಳಂತೆ. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಬೀಜ ಬಿಡಿಸಿದ ಹತ್ತಿ ಗಂಟು ಕಟ್ಟಿಟ್ಟಿದ್ದೇನೆ. ಪಕ್ಕದ ಮನೆಯ ಓಬಮ್ಮ ನಾಳೆ ದುರ್ಗದ ಆಸ್ಪತ್ರೆಗೆ ಹೋಗುವವಳು, ಗಂಟು ಅವಳ ಕೈಲೇ ಜೈಲಿಗೆ ಕಳಿಸುತ್ತೇನೆ. ಓಬಮ್ಮ, ನಿನ್ನ ದಮ್ಮಯ್ಯ, ಎಷ್ಟು ಹೊತ್ತಾದರೂ ಕಾದು ಆ ಹುಡುಗಿಯ ಉತ್ತರ ಇಸ್ಕಂಡೇ ಬಾ.